ಬ್ಯಾಕ್ಟೀರಿಯಾ ಪಾಲಿಸ್ಯಾಕರೈಡ್ ಉತ್ಪಾದನೆಯಲ್ಲಿ ಆಮ್ಲಜನಕ ಪೂರೈಕೆ ಮತ್ತು ಕಲಕುವಿಕೆ

ಕೆಲವು ಜಾತಿಯ ಬ್ಯಾಕ್ಟೀರಿಯಾಗಳು ಸಕ್ಕರೆಯನ್ನು ಬಳಸಿಕೊಂಡು ತಮ್ಮ ಜೀವಕೋಶದ ಹೊರಗೆ ಅಂಟಾದ ಪಾಲಿಸ್ಯಾಕರೈಡ್‌ಗಳನ್ನು, ಅಂದರೆ ಬಹುಶರ್ಕರಗಳನ್ನು, ಉತ್ಪಾದಿಸುತ್ತವೆ. ಕ್ಸಾಂಥಾನ್, ಡೆಕ್ಸ್‌ಟ್ರಾನ್, ಆಲ್ಜಿನೇಟ್, ಕರ್ಡ್ಲಾನ್, ಬ್ಯಾಕ್ಟೀರಿಯಾ ಸೆಲ್ಯುಲೋಸ್ ಮತ್ತು ಹಯಲುರಾನಿಕ್ ಆಮ್ಲ ಇವುಗಳಲ್ಲಿ ಮುಖ್ಯವಾದವು. ಆಹಾರ, ಔಷಧ ಮತ್ತು ತೈಲಬಾವಿಗಳ ಕೊರೆತ ಮೊದಲಾದ ಕ್ಷೇತ್ರಗಳಲ್ಲಿ ಇವುಗಳ ಬಳಕೆ ಇದೆ. ಇವನ್ನು ಬಯೋರಿಯಾಕ್ಟರ್ ಎಂಬ ಮುಚ್ಚಿದ ಪಾತ್ರೆಗಳಲ್ಲಿ, ನಿಯಂತ್ರಿತ ತಾಪದಲ್ಲಿ ತಯಾರಿಸಲಾಗುತ್ತದೆ. ಈ ತಯಾರಿಕೆಯಲ್ಲಿ ಎದುರಾಗುವ ಮುಖ್ಯ ತೊಡಕು ಉತ್ಪನ್ನದಿಂದಲೇ ಹುಟ್ಟುತ್ತದೆ. ಪಾಲಿಸ್ಯಾಕರೈಡ್ ಹೆಚ್ಚಿದಂತೆ ದ್ರವ ಮಂದವಾಗುತ್ತದೆ. ದ್ರವ ಮಂದವಾದಂತೆ ಅದನ್ನು ತಯಾರಿಸುವ ಬ್ಯಾಕ್ಟೀರಿಯಾಗಳಿಗೆ ಆಮ್ಲಜನಕ ತಲುಪುವುದು ಕಷ್ಟವಾಗುತ್ತದೆ. ಆದ್ದರಿಂದ ಗಾಳಿಯ ಪೂರೈಕೆ ಮತ್ತು ಕಲಕುವಿಕೆ ಇಳುವರಿ, ಗುಣಮಟ್ಟ ಹಾಗೂ ವೆಚ್ಚ ಮೂರನ್ನೂ ನಿರ್ಧರಿಸುತ್ತವೆ.

ಕಬ್ಬಿನ ಪ್ರದೇಶದ ಪರಿಚಿತ ಉದಾಹರಣೆ

ಚಾಮರಾಜನಗರ ಜಿಲ್ಲೆಯ ಕೊಳ್ಳೇಗಾಲ ಮತ್ತು ಯಳಂದೂರು ತಾಲ್ಲೂಕುಗಳ ನೀರಾವರಿ ಭೂಮಿಯಲ್ಲಿ ಕಬ್ಬು ಮುಖ್ಯ ಬೆಳೆಗಳಲ್ಲಿ ಒಂದು. ಕೊಳ್ಳೇಗಾಲ ತಾಲ್ಲೂಕಿನ ಕುಂತೂರಿನಲ್ಲಿ ಸಕ್ಕರೆ ಕಾರ್ಖಾನೆ ಇದೆ. ಕಬ್ಬನ್ನು ಕಡಿದ ಬಳಿಕ ಅರೆಯುವುದು ತಡವಾದರೆ, ವಿಶೇಷವಾಗಿ ಬಿಸಿಲಿನ ದಿನಗಳಲ್ಲಿ, ತುಂಡಾದ ತುದಿಗಳ ಮೂಲಕ ಲ್ಯೂಕೊನೊಸ್ಟಾಕ್ ಮೆಸೆಂಟೆರಾಯಿಡ್ಸ್ ಎಂಬ ಬ್ಯಾಕ್ಟೀರಿಯಾ ಒಳಹೊಗುತ್ತದೆ. ಕಬ್ಬಿನ ಹಾಲಿನಲ್ಲಿರುವ ಸುಕ್ರೋಸ್ ಸಕ್ಕರೆಯನ್ನು ಅದು ಡೆಕ್ಸ್‌ಟ್ರಾನ್ ಎಂಬ ಲೋಳೆಯಾಗಿ ಮಾರ್ಪಡಿಸುತ್ತದೆ. ಕಡಿಯುವ ಮುನ್ನ ಸುಟ್ಟ ಕಬ್ಬಿನಲ್ಲಿ ಈ ಕೆಡುಕು ಇನ್ನೂ ಬೇಗ ಹರಡುತ್ತದೆ.

ಡೆಕ್ಸ್‌ಟ್ರಾನ್ ಸೇರಿದ ಹಾಲು ಮಂದವಾಗುತ್ತದೆ, ನಿಧಾನವಾಗಿ ಸೋಸುತ್ತದೆ. ಹರಳುಗಟ್ಟುವಿಕೆ ತಡವಾಗುತ್ತದೆ; ಹರಳುಗಳು ಸೂಜಿಯಂತೆ ಉದ್ದವಾಗಿ ಬೆಳೆಯುತ್ತವೆ. ಸಕ್ಕರೆಯ ಅಂಶವನ್ನು ಧ್ರುವೀಕೃತ ಬೆಳಕಿನ ತಿರುಗುವಿಕೆಯಿಂದ ಅಳೆಯುವಾಗ ಇನ್ನೊಂದು ದೋಷವೂ ಉಂಟಾಗುತ್ತದೆ. ಡೆಕ್ಸ್‌ಟ್ರಾನ್ ಬೆಳಕನ್ನು ಸುಕ್ರೋಸ್‌ಗಿಂತ ಸುಮಾರು ಮೂರು ಪಟ್ಟು ಹೆಚ್ಚು ತಿರುಗಿಸುವುದರಿಂದ, ಹಾಲಿನಲ್ಲಿ ಇರುವುದಕ್ಕಿಂತ ಹೆಚ್ಚು ಸಕ್ಕರೆ ಇರುವಂತೆ ಉಪಕರಣ ತೋರಿಸುತ್ತದೆ. ಕಡಿದ ಕಬ್ಬನ್ನು ಬೇಗ ಅರೆಯುವುದು ಮತ್ತು ಗಾಣದ ಸುತ್ತಲಿನ ಸ್ವಚ್ಛತೆ ಇದಕ್ಕೆ ಮೊದಲ ಪರಿಹಾರ.

ಗಾಣದಲ್ಲಿ ಹಾನಿಯೆನಿಸುವ ಈ ಡೆಕ್ಸ್‌ಟ್ರಾನ್, ಔಷಧಾಲಯದಲ್ಲಿ ಉಪಯುಕ್ತ ವಸ್ತು. 1861ರಲ್ಲಿ ಲೂಯಿ ಪಾಶ್ಚರ್ ಇಂತಹ ಲೋಳೆ ಹುದುಗುವಿಕೆಗೆ ಸೂಕ್ಷ್ಮಜೀವಿಗಳು ಕಾರಣವೆಂದು ಗುರುತಿಸಿದರು. 1874ರಲ್ಲಿ ಷೈಬ್ಲರ್ ಈ ವಸ್ತುವಿಗೆ ಡೆಕ್ಸ್‌ಟ್ರಾನ್ ಎಂಬ ಹೆಸರನ್ನು ಕೊಟ್ಟರು. 1878ರಲ್ಲಿ ವಾನ್ ಟೀಗೆಮ್ ಬ್ಯಾಕ್ಟೀರಿಯಾವನ್ನು ಹೆಸರಿಸಿದರು. 1940ರ ದಶಕದಲ್ಲಿ ಸ್ವೀಡನ್ನಿನ ಗ್ರೋನ್‌ವಾಲ್ ಮತ್ತು ಇಂಗೆಲ್‌ಮನ್, ರಕ್ತದ ಪ್ಲಾಸ್ಮಾಗೆ ಬದಲಿಯಾಗಿ ಇದನ್ನು ಬಳಸಬಹುದೆಂದು ತೋರಿಸಿದರು. ಸುಮಾರು 40,000 ಮತ್ತು 70,000 ಅಣುತೂಕದ ಡೆಕ್ಸ್‌ಟ್ರಾನ್ ದ್ರಾವಣಗಳು ಈ ಉದ್ದೇಶಕ್ಕೆ ಬಳಕೆಗೆ ಬಂದವು.

ಆಮ್ಲಜನಕದ ಅಗತ್ಯ ಎಲ್ಲಕ್ಕೂ ಒಂದೇ ಅಲ್ಲ

ಡೆಕ್ಸ್‌ಟ್ರಾನ್ ಉತ್ಪಾದನೆಗೆ ಗಾಳಿ ಊದುವ ಅಗತ್ಯವಿಲ್ಲ. ಲ್ಯೂಕೊನೊಸ್ಟಾಕ್ ಗಾಳಿ ಇಲ್ಲದೆಯೂ ಬೆಳೆಯಬಲ್ಲದು. ಡೆಕ್ಸ್‌ಟ್ರಾನ್‌ಸುಕ್ರೇಸ್ ಎಂಬ ಕಿಣ್ವವನ್ನು ಅದು ಹೊರಕ್ಕೆ ಬಿಡುತ್ತದೆ. ಆ ಕಿಣ್ವವು ಸುಕ್ರೋಸ್ ಅಣುವನ್ನು ಒಡೆದು, ಗ್ಲೂಕೋಸ್ ಭಾಗವನ್ನು ಸರಪಳಿಗೆ ಜೋಡಿಸಿ, ಫ್ರುಕ್ಟೋಸ್ ಭಾಗವನ್ನು ದ್ರವದಲ್ಲಿ ಉಳಿಸುತ್ತದೆ. ಜೋಡಣೆಗೆ ಬೇಕಾದ ಶಕ್ತಿ ಸುಕ್ರೋಸ್‌ನ ಬಂಧದಿಂದಲೇ ದೊರೆಯುತ್ತದೆ. ಇದೇ ಬ್ಯಾಕ್ಟೀರಿಯಾ ಇಡ್ಲಿ ಹಿಟ್ಟಿನ ಹುದುಗುವಿಕೆಯಲ್ಲಿಯೂ ಪಾಲ್ಗೊಳ್ಳುತ್ತದೆ. ರುಬ್ಬಿದ ಹಿಟ್ಟನ್ನು ರಾತ್ರಿಯೆಲ್ಲ ಕದಲಿಸದೆ ಮುಚ್ಚಿಟ್ಟರೂ ಅದು ಉಬ್ಬುವುದಕ್ಕೆ ಈ ಗುಣವೇ ಕಾರಣ.

ಕ್ಸಾಂಥಾನ್ ಉತ್ಪಾದನೆಯ ರೀತಿ ಬೇರೆ. ಅದನ್ನು ತಯಾರಿಸುವ ಕ್ಸಾಂಥೋಮೊನಾಸ್ ಕ್ಯಾಂಪೆಸ್ಟ್ರಿಸ್ ಎಂಬ ಬ್ಯಾಕ್ಟೀರಿಯಾ ಎಲೆಕೋಸಿನ ಕಪ್ಪು ಕೊಳೆರೋಗಕ್ಕೆ ಕಾರಣವಾದದ್ದು. ಅದು ಆಮ್ಲಜನಕವಿಲ್ಲದೆ ಬದುಕಲಾರದು. ಸಕ್ಕರೆಯ ಅಣುಗಳನ್ನು ಜೀವಕೋಶದ ಒಳಗೆ ಶಕ್ತಿಯುತ ರೂಪಕ್ಕೆ ತಂದು, ಐದೈದು ಘಟಕಗಳ ತುಣುಕುಗಳನ್ನಾಗಿ ಜೋಡಿಸಿ, ಬಳಿಕ ಹೊರಕ್ಕೆ ಕಳುಹಿಸುವ ಈ ಕಾರ್ಯಕ್ಕೆ ಬೇಕಾದ ಶಕ್ತಿಯೆಲ್ಲ ಉಸಿರಾಟದಿಂದ ಬರಬೇಕು. ಅಮೆರಿಕದ ಪಿಯೋರಿಯಾದ ಕೃಷಿ ಇಲಾಖೆಯ ಪ್ರಯೋಗಾಲಯದಲ್ಲಿ ಆಲೀನ್ ಜೀನ್ಸ್ ಮತ್ತು ಸಹೋದ್ಯೋಗಿಗಳು ಕ್ಸಾಂಥಾನ್‌ನ ಗುಣಗಳನ್ನು ಅಧ್ಯಯನ ಮಾಡಿದರು; 1969ರಲ್ಲಿ ಅಮೆರಿಕದಲ್ಲಿ ಅದನ್ನು ಆಹಾರದಲ್ಲಿ ಬಳಸಲು ಅನುಮತಿ ದೊರೆಯಿತು. ಒಂದೇ ಸಕ್ಕರೆಯಿಂದ ಎರಡು ಲೋಳೆಗಳು ಸಿದ್ಧವಾದರೂ, ಒಂದಕ್ಕೆ ನಿಶ್ಚಲತೆ ಸಾಕು, ಇನ್ನೊಂದಕ್ಕೆ ನಿರಂತರ ಗಾಳಿ ಬೇಕು.

ನೀರಿನಲ್ಲಿ ಕರಗುವ ಆಮ್ಲಜನಕ

ಬ್ಯಾಕ್ಟೀರಿಯಾಗಳು ದ್ರವದಲ್ಲಿ ಕರಗಿರುವ ಆಮ್ಲಜನಕವನ್ನು ಮಾತ್ರ ಬಳಸಬಲ್ಲವು. 30 ಡಿಗ್ರಿ ಸೆಲ್ಸಿಯಸ್ ತಾಪದಲ್ಲಿ, ಸಮುದ್ರಮಟ್ಟದ ವಾಯುಭಾರದಲ್ಲಿ, ಗಾಳಿಯೊಡನೆ ಸಮತೋಲದಲ್ಲಿರುವ ಒಂದು ಲೀಟರ್ ಶುದ್ಧ ನೀರಿನಲ್ಲಿ ಸುಮಾರು 7.5 ಮಿಲಿಗ್ರಾಂ ಆಮ್ಲಜನಕ ಕರಗಿರುತ್ತದೆ. ತಾಪ ಹೆಚ್ಚಿದಂತೆಯೂ ವಾಯುಭಾರ ಇಳಿದಂತೆಯೂ ಈ ಪ್ರಮಾಣ ಕಡಿಮೆಯಾಗುತ್ತದೆ. ಒಂದೇ ತಾಪದ ನೀರನ್ನು ಹೋಲಿಸಿದರೆ, ಕೊಳ್ಳೇಗಾಲದ ಬಯಲಿಗಿಂತ ಹನೂರು ತಾಲ್ಲೂಕಿನ ಮಲೆ ಮಹದೇಶ್ವರ ಬೆಟ್ಟದ ಮೇಲೆ ಅಥವಾ ಯಳಂದೂರು ತಾಲ್ಲೂಕಿನ ಬಿಳಿಗಿರಿರಂಗನ ಬೆಟ್ಟದ ಮೇಲೆ ಸ್ವಲ್ಪ ಕಡಿಮೆ ಆಮ್ಲಜನಕ ಕರಗುತ್ತದೆ.

ಇದನ್ನು ಸಕ್ಕರೆಯೊಡನೆ ಹೋಲಿಸಿದರೆ ಸಮಸ್ಯೆಯ ಸ್ವರೂಪ ಸ್ಪಷ್ಟವಾಗುತ್ತದೆ. ಒಂದು ಲೀಟರ್ ದ್ರವಕ್ಕೆ 40 ಗ್ರಾಂ, ಅಂದರೆ 40,000 ಮಿಲಿಗ್ರಾಂ ಸಕ್ಕರೆಯನ್ನು ಮೊದಲೇ ಬೆರೆಸಿಡಬಹುದು. ಅದು ದಿನಗಟ್ಟಲೆ ಸಾಲುತ್ತದೆ. ಆಮ್ಲಜನಕವನ್ನು ಹಾಗೆ ಕೂಡಿಡಲಾಗದು. ಒಂದು ಲೀಟರ್ ದ್ರವದಲ್ಲಿರುವ ಬ್ಯಾಕ್ಟೀರಿಯಾಗಳು ಗಂಟೆಗೆ 320 ಮಿಲಿಗ್ರಾಂ ಆಮ್ಲಜನಕ ಬಳಸುತ್ತವೆ ಎಂದು ಭಾವಿಸಿದರೆ, ಕರಗಿರುವ 7.5 ಮಿಲಿಗ್ರಾಂ ಸುಮಾರು 84 ಸೆಕೆಂಡುಗಳಲ್ಲಿ ಮುಗಿದುಹೋಗುತ್ತದೆ. ಗಾಳಿಯ ಪೂರೈಕೆ ಒಂದೂವರೆ ನಿಮಿಷ ನಿಂತರೂ ಬ್ಯಾಕ್ಟೀರಿಯಾಗಳ ಉಸಿರು ಕಟ್ಟುತ್ತದೆ. ಆದ್ದರಿಂದ ಬಯೋರಿಯಾಕ್ಟರಿನಲ್ಲಿ ಎಷ್ಟು ಆಮ್ಲಜನಕ ಇದೆ ಎಂಬುದಕ್ಕಿಂತ, ಅದು ಎಷ್ಟು ವೇಗವಾಗಿ ಬಂದು ಸೇರುತ್ತಿದೆ ಎಂಬುದೇ ಮುಖ್ಯ.

ವರ್ಗಾವಣೆಯ ನಿಯಮ

ಪಾತ್ರೆಯ ತಳದಲ್ಲಿರುವ ರಂಧ್ರಗಳುಳ್ಳ ಕೊಳವೆಯಿಂದ ಶುದ್ಧೀಕರಿಸಿದ ಗಾಳಿ ಗುಳ್ಳೆಗಳಾಗಿ ಹೊರಡುತ್ತದೆ. ಗುಳ್ಳೆಯ ಮೇಲ್ಮೈಯನ್ನು ಸುತ್ತುವರಿದ ದ್ರವದ ತೆಳುಪದರವನ್ನು ದಾಟಿ ಆಮ್ಲಜನಕ ದ್ರವಕ್ಕೆ ಸೇರುತ್ತದೆ. ಇದರ ದರವನ್ನು ಹೀಗೆ ಸೂಚಿಸಲಾಗುತ್ತದೆ:

ವರ್ಗಾವಣೆಯ ದರ = ವರ್ಗಾವಣೆ ಗುಣಾಂಕ × (ಕರಗಬಹುದಾದ ಗರಿಷ್ಠ ಪ್ರಮಾಣ − ಈಗ ಕರಗಿರುವ ಪ್ರಮಾಣ)

ವರ್ಗಾವಣೆ ಗುಣಾಂಕದಲ್ಲಿ ಎರಡು ಅಂಶಗಳು ಅಡಕವಾಗಿವೆ: ತೆಳುಪದರವನ್ನು ದಾಟುವ ಸುಲಭತೆ ಮತ್ತು ಗುಳ್ಳೆಗಳ ಒಟ್ಟು ಮೇಲ್ಮೈ ವಿಸ್ತೀರ್ಣ. ಒಂದೇ ಪ್ರಮಾಣದ ಗಾಳಿಯನ್ನು 10 ಮಿಲಿಮೀಟರ್ ವ್ಯಾಸದ ಗುಳ್ಳೆಗಳ ಬದಲು 1 ಮಿಲಿಮೀಟರ್ ವ್ಯಾಸದ ಗುಳ್ಳೆಗಳನ್ನಾಗಿ ಒಡೆದರೆ ಮೇಲ್ಮೈ ವಿಸ್ತೀರ್ಣ ಹತ್ತು ಪಟ್ಟಾಗುತ್ತದೆ. ಸಣ್ಣ ಗುಳ್ಳೆಗಳು ನಿಧಾನವಾಗಿ ಮೇಲೇರುವುದರಿಂದ ದ್ರವದೊಡನೆ ಹೆಚ್ಚು ಕಾಲ ಸಂಪರ್ಕದಲ್ಲಿಯೂ ಇರುತ್ತವೆ. ಕೊಳ್ಳೇಗಾಲ ತಾಲ್ಲೂಕಿನ ಭರಚುಕ್ಕಿಯಲ್ಲಿ ಕಾವೇರಿ ಧುಮುಕುವಾಗ ನೀರು ಮತ್ತು ಗಾಳಿ ಬೆರೆತು ನೊರೆಯಾಗುವುದು ಇದೇ ಕ್ರಿಯೆಯ ನೈಸರ್ಗಿಕ ರೂಪ. ಅಲ್ಲಿ ಗುಳ್ಳೆಗಳನ್ನು ಒಡೆಯುವ ಶಕ್ತಿ ಬೀಳುವ ನೀರಿನದು. ಬಯೋರಿಯಾಕ್ಟರಿನಲ್ಲಿ ಆ ಶಕ್ತಿಯನ್ನು ವಿದ್ಯುತ್ ಮೋಟಾರು ಕೊಡಬೇಕು.

ಮಂದವಾಗುವ ದ್ರವ

ಹುದುಗುವಿಕೆಯ ಆರಂಭದಲ್ಲಿ ಕ್ಸಾಂಥಾನ್ ಪಾತ್ರೆಯ ದ್ರವ ನೀರಿನಂತೆಯೇ ಇರುತ್ತದೆ. ಬ್ಯಾಕ್ಟೀರಿಯಾಗಳು ವೃದ್ಧಿಯಾಗಿ ಸಾರಜನಕದ ಮೂಲ ಮುಗಿಯುತ್ತ ಬಂದಂತೆ, ಉಳಿದ ಸಕ್ಕರೆಯ ಹೆಚ್ಚಿನ ಭಾಗ ಕ್ಸಾಂಥಾನ್ ಆಗುತ್ತದೆ. ಲೀಟರಿಗೆ 20ರಿಂದ 30 ಗ್ರಾಂ ಕ್ಸಾಂಥಾನ್ ಸೇರಿದಾಗ, ನಿಧಾನವಾಗಿ ಚಲಿಸುವ ದ್ರವದ ಸ್ನಿಗ್ಧತೆ ನೀರಿನದಕ್ಕಿಂತ ಸಾವಿರಾರು ಪಟ್ಟು ಹೆಚ್ಚಾಗಿರುತ್ತದೆ.

ಈ ದ್ರವಕ್ಕೆ ಒಂದು ವಿಶೇಷ ಗುಣವಿದೆ. ವೇಗವಾಗಿ ಕಲಕಿದಲ್ಲಿ ಅದು ತೆಳುವಾಗುತ್ತದೆ, ಕಲಕದಿದ್ದಲ್ಲಿ ಗಟ್ಟಿಯಾಗಿಯೇ ಉಳಿಯುತ್ತದೆ. ಶೀಶೆಯಲ್ಲಿ ನಿಂತ ಸಾಸ್ ಅಲ್ಲಾಡಿಸಿದ ಬಳಿಕ ಸುಲಭವಾಗಿ ಸುರಿಯುವುದು ಇದೇ ಗುಣದಿಂದ. ಸಾಸ್‌ಗಳಿಗೆ ಕ್ಸಾಂಥಾನ್ ಬೆರೆಸುವುದೂ ಇದಕ್ಕಾಗಿಯೇ. ಆದರೆ ಬಳಕೆದಾರನಿಗೆ ಅನುಕೂಲವಾದ ಈ ಗುಣ ತಯಾರಕನಿಗೆ ತೊಡಕಾಗುತ್ತದೆ. ಕಲಕುವ ಚಕ್ರದ ಸುತ್ತ ಮಾತ್ರ ದ್ರವ ತೆಳುವಾಗಿ ಸುತ್ತುತ್ತದೆ. ಪಾತ್ರೆಯ ಗೋಡೆಯ ಬಳಿ ಬಹುಮಟ್ಟಿಗೆ ನಿಂತೇ ಇರುತ್ತದೆ. ಒಲೆಯ ಮೇಲಿನ ಪಾತ್ರೆಯಲ್ಲಿ ರಾಗಿ ಹಿಟ್ಟು ಗಟ್ಟಿಯಾದಾಗ ಕೋಲಿನ ಸುತ್ತಲಿನ ಹಿಟ್ಟು ಮಾತ್ರ ತಿರುಗಿ, ಅಂಚಿನಲ್ಲಿ ಗಂಟುಗಳು ಉಳಿಯುವ ಸ್ಥಿತಿಗೆ ಇದನ್ನು ಹೋಲಿಸಬಹುದು. ಹೀಗೆ ಚಕ್ರದ ಸುತ್ತ ರೂಪುಗೊಳ್ಳುವ ಚಲಿಸುವ ವಲಯವನ್ನು ತಾಂತ್ರಿಕ ಬರಹಗಳಲ್ಲಿ ಗುಹೆ ಎಂಬರ್ಥದ ಹೆಸರಿನಿಂದ ಕರೆಯಲಾಗುತ್ತದೆ.

ಗುಹೆಯ ಹೊರಗಿರುವ ಬ್ಯಾಕ್ಟೀರಿಯಾಗಳಿಗೆ ಸಕ್ಕರೆ ಇದ್ದರೂ ಆಮ್ಲಜನಕ ಇರುವುದಿಲ್ಲ. ಗಾಳಿಯೂ ತೆಳುವಾದ ದಾರಿಯನ್ನೇ ಹುಡುಕಿಕೊಂಡು, ದೊಡ್ಡ ದೊಡ್ಡ ಗುಳ್ಳೆಗಳಾಗಿ ಕೂಡಿ, ನಡುವಿನಿಂದ ಮೇಲೇರಿ ಹೋಗುತ್ತದೆ. ಇದಲ್ಲದೆ ಅತಿ ಸಣ್ಣ ಗುಳ್ಳೆಗಳು ಮಂದ ದ್ರವದಲ್ಲಿ ಸಿಕ್ಕಿಕೊಂಡು, ತಮ್ಮಲ್ಲಿದ್ದ ಆಮ್ಲಜನಕವನ್ನು ಕಳೆದುಕೊಂಡ ಮೇಲೂ ಅಲ್ಲಿಯೇ ಉಳಿಯುತ್ತವೆ. ಪಾತ್ರೆಯಲ್ಲಿ ಗಾಳಿ ತುಂಬಿರುವಂತೆ ಕಂಡರೂ ಅದರ ಒಂದು ಭಾಗ ನಿರುಪಯುಕ್ತವಾಗಿರುತ್ತದೆ.

ಕಲಕುವಿಕೆ ಮತ್ತು ವಿದ್ಯುತ್ ವೆಚ್ಚ

ಹೆಚ್ಚು ವೇಗವಾಗಿ ಕಲಕುವುದು ಮೊದಲು ತೋರುವ ಪರಿಹಾರ. ಆದರೆ ಪ್ರಕ್ಷುಬ್ಧ ಹರಿವಿನಲ್ಲಿ ಕಲಕಲು ಬೇಕಾದ ಶಕ್ತಿಯು ವೇಗದ ಘನಕ್ಕೆ ಅನುಗುಣವಾಗಿ ಏರುತ್ತದೆ. ವೇಗ ಎರಡು ಪಟ್ಟಾದರೆ ವಿದ್ಯುತ್ ಎಂಟು ಪಟ್ಟು ಬೇಕು. ವೇಗವನ್ನು ಬದಲಿಸದೆ ಚಕ್ರದ ವ್ಯಾಸವನ್ನು ಎರಡು ಪಟ್ಟು ಮಾಡಿದರೆ 32 ಪಟ್ಟು ಬೇಕು. ಇಷ್ಟು ಶಕ್ತಿಯನ್ನು ಕೊಟ್ಟರೂ ವರ್ಗಾವಣೆ ಗುಣಾಂಕ ಅದೇ ಪ್ರಮಾಣದಲ್ಲಿ ಹೆಚ್ಚುವುದಿಲ್ಲ.

ಗಾಳಿಯ ಪ್ರಮಾಣವನ್ನು ಹೆಚ್ಚಿಸುವುದಕ್ಕೂ ಮಿತಿಯಿದೆ. ಮಿತಿ ಮೀರಿದ ಗಾಳಿ ಕಲಕುವ ಚಕ್ರವನ್ನೇ ಆವರಿಸಿಕೊಂಡಾಗ ಅದರ ರೆಕ್ಕೆಗಳು ದ್ರವವನ್ನು ತಳ್ಳಲಾರವು. ನೊರೆ ಏರಿ ಗಾಳಿಯ ಹೊರದಾರಿಯನ್ನು ಕಟ್ಟುತ್ತದೆ; ನೊರೆ ಇಳಿಸಲು ಬೆರೆಸುವ ಎಣ್ಣೆಯಂತಹ ವಸ್ತುಗಳು ಗುಳ್ಳೆಗಳನ್ನು ಒಂದಾಗಿಸಿ ವರ್ಗಾವಣೆಯನ್ನು ಕುಗ್ಗಿಸುತ್ತವೆ.

ಈ ಕಾರಣಗಳಿಂದ ಚಕ್ರದ ಆಕಾರವನ್ನು ಬದಲಿಸುವ ಕ್ರಮ ಬಂದಿತು. ಚಪ್ಪಟೆ ರೆಕ್ಕೆಗಳ ರಷ್ಟನ್ ಚಕ್ರ ಗುಳ್ಳೆಗಳನ್ನು ಚೆನ್ನಾಗಿ ಒಡೆಯುತ್ತದೆ. ಆದರೆ ಮಂದ ದ್ರವವನ್ನು ದೂರದವರೆಗೆ ಚಲಿಸಲಾರದು. ಪಾತ್ರೆಯ ಅಗಲಕ್ಕೆ ಸಮೀಪವಾದ ವ್ಯಾಸವುಳ್ಳ, ಸುರುಳಿ ಪಟ್ಟಿಯಂತಹ ಚಕ್ರಗಳು ಗೋಡೆಯ ಬಳಿಯ ದ್ರವವನ್ನೂ ಸರಿಸುತ್ತವೆ. ಆದರೆ ಗುಳ್ಳೆ ಒಡೆಯುವುದರಲ್ಲಿ ಹಿಂದೆ. ಆದ್ದರಿಂದ ತಳದಲ್ಲಿ ಗುಳ್ಳೆ ಒಡೆಯುವ ಚಕ್ರವನ್ನೂ ಮೇಲೆ ದ್ರವವನ್ನು ಸುತ್ತಿಸುವ ಅಗಲ ಚಕ್ರಗಳನ್ನೂ ಒಂದೇ ದಂಡಕ್ಕೆ ಅಳವಡಿಸುವುದುಂಟು. ಕಲಕುವ ಚಕ್ರವಿಲ್ಲದೆ ಗಾಳಿಯ ಏರುವಿಕೆಯಿಂದಲೇ ದ್ರವವನ್ನು ಸುತ್ತಿಸುವ ಪಾತ್ರೆಗಳಲ್ಲಿ ವಿದ್ಯುತ್ ಉಳಿತಾಯವಾಗುತ್ತದೆ. ಆದರೆ ದ್ರವ ತೀರ ಮಂದವಾದಾಗ ಅವುಗಳಲ್ಲಿ ಗುಳ್ಳೆಗಳು ಕೂಡಿಕೊಂಡು ಪ್ರಯೋಜನ ಇಳಿಯುತ್ತದೆ.

ಶುದ್ಧ ಆಮ್ಲಜನಕವನ್ನು ಬೆರೆಸುವುದು ಇನ್ನೊಂದು ಮಾರ್ಗ. ಗಾಳಿಯಲ್ಲಿ ಆಮ್ಲಜನಕ ಸುಮಾರು 21 ಶೇಕಡ ಮಾತ್ರ ಇರುವುದರಿಂದ, ಶುದ್ಧ ಆಮ್ಲಜನಕದೊಡನೆ ಕರಗುವ ಗರಿಷ್ಠ ಪ್ರಮಾಣ ಸುಮಾರು ಐದು ಪಟ್ಟಾಗುತ್ತದೆ. ಪಾತ್ರೆಯ ಒಳ ಒತ್ತಡವನ್ನು ಹೆಚ್ಚಿಸಿದರೂ ಕರಗುವಿಕೆ ಹೆಚ್ಚುತ್ತದೆ. ಆದರೆ ಆಗ ಬ್ಯಾಕ್ಟೀರಿಯಾಗಳು ಬಿಡುವ ಇಂಗಾಲದ ಡೈಆಕ್ಸೈಡ್ ಕೂಡ ಹೆಚ್ಚು ಕರಗಿ ಉಳಿಯುತ್ತದೆ. ಎರಡೂ ಮಾರ್ಗಗಳಿಗೆ ಹೆಚ್ಚುವರಿ ವೆಚ್ಚವಿದೆ, ಮತ್ತು ಯಾವುದೂ ಗುಹೆಯ ಹೊರಗೆ ನಿಂತ ದ್ರವವನ್ನು ಕದಲಿಸಲಾರದು.

ಉತ್ಪನ್ನದ ಗುಣಮಟ್ಟದ ಮೇಲೆ ಪರಿಣಾಮ

ಆಮ್ಲಜನಕದ ಮಟ್ಟ ಇಳುವರಿಯನ್ನಷ್ಟೇ ಅಲ್ಲ, ಅಣುವಿನ ಉದ್ದ ಮತ್ತು ರಚನೆಯನ್ನೂ ಬದಲಿಸಬಲ್ಲದು. ಕ್ಸಾಂಥಾನ್‌ನ ಅಣುತೂಕ ಮತ್ತು ಅದಕ್ಕೆ ಜೋಡಿಕೊಂಡ ಪೈರುವೇಟ್ ಗುಂಪುಗಳ ಪ್ರಮಾಣ ಆಮ್ಲಜನಕದ ಪೂರೈಕೆಯನ್ನು ಅವಲಂಬಿಸುತ್ತವೆ. ಇವೆರಡೂ ದ್ರಾವಣದ ಮಂದತೆಯ ಮೇಲೆ ಪ್ರಭಾವ ಬೀರುತ್ತವೆ. ಇತರ ಪಾಲಿಸ್ಯಾಕರೈಡ್‌ಗಳಲ್ಲಿ ಸ್ಥಿತಿ ಹೀಗಿದೆ:

ಆಲ್ಜಿನೇಟ್: ಇದನ್ನು ತಯಾರಿಸುವ ಅಜೋಟೊಬ್ಯಾಕ್ಟರ್ ವಿನೆಲ್ಯಾಂಡಿಯೈ ಮಣ್ಣಿನಲ್ಲಿ ಸಾರಜನಕ ಸ್ಥಿರೀಕರಿಸುವ ಬ್ಯಾಕ್ಟೀರಿಯಾ. ಸಾರಜನಕ ಸ್ಥಿರೀಕರಿಸುವ ಕಿಣ್ವ ಆಮ್ಲಜನಕದಿಂದ ಕೆಡುತ್ತದೆ. ಆದ್ದರಿಂದ ಹೆಚ್ಚು ಆಮ್ಲಜನಕ ದೊರೆತಾಗ ಈ ಬ್ಯಾಕ್ಟೀರಿಯಾ ಸಕ್ಕರೆಯನ್ನು ಉಸಿರಾಟದಲ್ಲಿಯೇ ವೇಗವಾಗಿ ಸುಟ್ಟುಬಿಡುತ್ತದೆ. ಇಲ್ಲಿ ಹೆಚ್ಚು ಗಾಳಿ ಎಂದರೆ ಹೆಚ್ಚು ಆಲ್ಜಿನೇಟ್ ಎಂದು ಅರ್ಥವಲ್ಲ. ಕಡಿಮೆ, ಆದರೆ ಸ್ಥಿರವಾದ ಮಟ್ಟವನ್ನು ಕಾಯ್ದುಕೊಳ್ಳಬೇಕಾಗುತ್ತದೆ.

ಕರ್ಡ್ಲಾನ್: ಇದು ನೀರಿನಲ್ಲಿ ಕರಗದ ಕಾರಣ ದ್ರವ ಅಷ್ಟಾಗಿ ಮಂದವಾಗುವುದಿಲ್ಲ. ಆದರೆ ಅದು ಜೀವಕೋಶಗಳ ಸುತ್ತಲೇ ಕವಚವಾಗಿ ಕಟ್ಟಿಕೊಳ್ಳುವುದರಿಂದ, ಆ ಕವಚವನ್ನು ದಾಟಲು ದ್ರವದಲ್ಲಿ ಹೆಚ್ಚು ಆಮ್ಲಜನಕ ಇರಬೇಕಾಗುತ್ತದೆ.

ಬ್ಯಾಕ್ಟೀರಿಯಾ ಸೆಲ್ಯುಲೋಸ್: ನಿಶ್ಚಲ ತಟ್ಟೆಗಳಲ್ಲಿ ದ್ರವ ಮತ್ತು ಗಾಳಿ ಸೇರುವ ಮೇಲ್ಪದರದಲ್ಲಿ ಇದು ಕೆನೆಯಂತೆ ಕಟ್ಟುತ್ತದೆ. ಜೋರಾಗಿ ಕಲಕಿದರೆ ಪದರದ ಬದಲು ನಾರಿನ ಉಂಡೆಗಳಾಗುತ್ತವೆ. ಸೆಲ್ಯುಲೋಸ್ ತಯಾರಿಸದ ರೂಪಾಂತರಿತ ಜೀವಕೋಶಗಳು ಹೆಚ್ಚಿ ಇಳುವರಿ ಇಳಿಯುತ್ತದೆ.

ಹಯಲುರಾನಿಕ್ ಆಮ್ಲ: ಇದನ್ನು ತಯಾರಿಸುವ ಸ್ಟ್ರೆಪ್ಟೊಕಾಕಸ್ ಗಾಳಿ ಇಲ್ಲದೆಯೂ ಬೆಳೆಯುತ್ತದೆ. ಆದರೂ ಗಾಳಿ ದೊರೆತಾಗ ಸಕ್ಕರೆಯಿಂದ ಹೆಚ್ಚು ಶಕ್ತಿ ದೊರೆತು ಇಳುವರಿ ಹೆಚ್ಚುತ್ತದೆ. ಇದರ ದ್ರವವೂ ಬಹಳ ಮಂದ.

ದೊಡ್ಡ ಪಾತ್ರೆಯ ಸಮಸ್ಯೆ

ಪ್ರಯೋಗಾಲಯದ 10 ಲೀಟರ್ ಪಾತ್ರೆಯಲ್ಲಿ ಯಶಸ್ವಿಯಾದ ವಿಧಾನ 10,000 ಲೀಟರ್ ಪಾತ್ರೆಯಲ್ಲಿ ಹಾಗೆಯೇ ನಡೆಯುವುದಿಲ್ಲ. ಆಕಾರವನ್ನು ಬದಲಿಸದೆ ಗಾತ್ರವನ್ನು ಸಾವಿರ ಪಟ್ಟು ಮಾಡಿದರೆ ವ್ಯಾಸ ಹತ್ತು ಪಟ್ಟಾಗುತ್ತದೆ. ಪ್ರತಿ ಲೀಟರಿಗೆ ಕೊಡುವ ಶಕ್ತಿಯನ್ನು ಸಮವಾಗಿಟ್ಟರೆ, ಪ್ರಕ್ಷುಬ್ಧ ಹರಿವಿನ ನಿಯಮದಂತೆ ಮಿಶ್ರಣಕ್ಕೆ ತಗಲುವ ಸಮಯ ಸುಮಾರು 4.6 ಪಟ್ಟು ಹೆಚ್ಚುತ್ತದೆ. ಮಂದ ದ್ರವದಲ್ಲಿ ಅದು ಇನ್ನೂ ಹೆಚ್ಚು. ಆಮ್ಲಜನಕ ಒಂದೂವರೆ ನಿಮಿಷದಲ್ಲಿ ಮುಗಿಯುವ ದ್ರವದಲ್ಲಿ ಮಿಶ್ರಣಕ್ಕೇ ಅಷ್ಟು ಸಮಯ ಹಿಡಿದರೆ, ಬ್ಯಾಕ್ಟೀರಿಯಾಗಳು ಚಕ್ರದ ಬಳಿ ಉಸಿರಾಡಿ ದೂರದಲ್ಲಿ ಉಸಿರು ಕಟ್ಟಿಕೊಳ್ಳುತ್ತ ಸುತ್ತಬೇಕಾಗುತ್ತದೆ.

ಶಾಖವನ್ನು ಹೊರಹಾಕುವುದೂ ಕಷ್ಟವಾಗುತ್ತದೆ. ಒಂದು ಮೋಲ್, ಅಂದರೆ 32 ಗ್ರಾಂ ಆಮ್ಲಜನಕ ಬಳಕೆಯಾದಾಗ ಸುಮಾರು 460 ಕಿಲೋಜೂಲ್ ಶಾಖ ಹೊರಬರುತ್ತದೆ; ಕಲಕುವಿಕೆಯ ಶಕ್ತಿಯೂ ಕೊನೆಗೆ ಶಾಖವೇ ಆಗುತ್ತದೆ. ಪಾತ್ರೆಯ ವ್ಯಾಸ ಹತ್ತು ಪಟ್ಟಾದಾಗ, ಪ್ರತಿ ಲೀಟರಿಗೆ ದೊರೆಯುವ ಹೊರಮೈ ಹತ್ತನೆಯ ಒಂದು ಭಾಗಕ್ಕೆ ಇಳಿಯುತ್ತದೆ.

ಅಳತೆ ಮತ್ತು ನಿಯಂತ್ರಣ

ಕರಗಿದ ಆಮ್ಲಜನಕವನ್ನು ದ್ರವದಲ್ಲಿ ಮುಳುಗಿಸಿದ ಸಂವೇದಕದಿಂದ ಅಳೆಯಲಾಗುತ್ತದೆ. 1956ರಲ್ಲಿ ಲೆಲ್ಯಾಂಡ್ ಕ್ಲಾರ್ಕ್ ಪ್ರಕಟಿಸಿದ ವಿದ್ಯುದ್ವಾರ ಈ ಅಳತೆಗೆ ತಳಹದಿಯಾಯಿತು. ಈಗ ಬೆಳಕಿನ ಆಧಾರದ ಸಂವೇದಕಗಳೂ ಬಳಕೆಯಲ್ಲಿವೆ. ಗಾಳಿಯನ್ನು ಅಲ್ಪಕಾಲ ನಿಲ್ಲಿಸಿದಾಗ ಆಮ್ಲಜನಕ ಇಳಿಯುವ ವೇಗದಿಂದ ಬ್ಯಾಕ್ಟೀರಿಯಾಗಳ ಬಳಕೆಯನ್ನೂ, ಮತ್ತೆ ಹರಿಸಿದಾಗ ಏರುವ ವೇಗದಿಂದ ವರ್ಗಾವಣೆ ಗುಣಾಂಕವನ್ನೂ ಲೆಕ್ಕಹಾಕಬಹುದು. ಮಂದ ದ್ರವದಲ್ಲಿ ಸಂವೇದಕ ಇರುವ ಸ್ಥಳ ಬಹಳ ಮುಖ್ಯ. ಅದು ಗುಹೆಯ ಒಳಗಿದ್ದರೆ ಆಮ್ಲಜನಕ ಸಾಕಷ್ಟಿದೆ ಎಂದು ತೋರಿಸುತ್ತದೆ. ಹೊರಗಿನ ಕೊರತೆ ಗಮನಕ್ಕೆ ಬಾರದೆ ಹೋಗುತ್ತದೆ. ಆದ್ದರಿಂದ ಹೊರಹೋಗುವ ಗಾಳಿಯ ಆಮ್ಲಜನಕದ ಅಂಶವನ್ನೂ ಅಳೆದು, ಇಡೀ ಪಾತ್ರೆಯ ಬಳಕೆಯನ್ನು ತಾಳೆ ನೋಡಲಾಗುತ್ತದೆ.

ಸ್ಥಳೀಯ ಸಂಪನ್ಮೂಲಗಳ ದೃಷ್ಟಿಯಿಂದ

ಕೊಳ್ಳೇಗಾಲ ಮತ್ತು ಯಳಂದೂರಿನ ಕಬ್ಬು ಸುಕ್ರೋಸ್‌ನ ಮೂಲ. ಕೊಳ್ಳೇಗಾಲದಿಂದ ಬೇರ್ಪಟ್ಟು ತಾಲ್ಲೂಕಾದ ಹನೂರಿನ ಮಳೆಯಾಶ್ರಿತ ಹೊಲಗಳಲ್ಲಿ ಬೆಳೆಯುವ ಮುಸುಕಿನ ಜೋಳದ ಪಿಷ್ಟವನ್ನು ಒಡೆದು ಗ್ಲೂಕೋಸ್ ಪಡೆಯಬಹುದು. ಇವೆರಡೂ ಪಾಲಿಸ್ಯಾಕರೈಡ್ ಹುದುಗುವಿಕೆಗೆ ಒಪ್ಪುವ ಕಚ್ಚಾವಸ್ತುಗಳು. 1950ರಲ್ಲಿ ಆರಂಭವಾದ ಮೈಸೂರಿನ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯದಲ್ಲಿ ಸೂಕ್ಷ್ಮಜೀವಿವಿಜ್ಞಾನ ಹಾಗೂ ಹುದುಗುವಿಕೆ ತಂತ್ರಜ್ಞಾನಕ್ಕೆ ಪ್ರತ್ಯೇಕ ವಿಭಾಗವಿದೆ.

ಆದರೆ ಕಚ್ಚಾವಸ್ತುವಿನ ಸಾಮೀಪ್ಯವೊಂದರಿಂದ ಇಂತಹ ಉದ್ಯಮ ಲಾಭದಾಯಕವಾಗುವುದಿಲ್ಲ. ಗಾಳಿ ಒತ್ತುವ ಯಂತ್ರಕ್ಕೂ ಕಲಕುವ ಮೋಟಾರಿಗೂ ತಡೆಯಿಲ್ಲದ ವಿದ್ಯುತ್ ಬೇಕು. ಹುದುಗುವಿಕೆಯ ನಡುವೆ ಕೆಲವು ನಿಮಿಷ ವಿದ್ಯುತ್ ಕಡಿತವಾದರೂ ಆಮ್ಲಜನಕದ ಪೂರೈಕೆ ನಿಲ್ಲುತ್ತದೆ. ಬೇಸಿಗೆಯಲ್ಲಿ ಹಗಲಿನ ತಾಪ 35 ಡಿಗ್ರಿ ದಾಟುವ ಈ ಬಯಲಿನಲ್ಲಿ ಪಾತ್ರೆಯನ್ನು 28ರಿಂದ 30 ಡಿಗ್ರಿಯಲ್ಲಿ ಇಡಲು ತಂಪಾದ ನೀರೂ ಬೇಕು. ಕೊನೆಯಲ್ಲಿ ಕ್ಸಾಂಥಾನನ್ನು ದ್ರವದಿಂದ ಬೇರ್ಪಡಿಸಲು ಐಸೊಪ್ರೊಪೈಲ್ ಆಲ್ಕೊಹಾಲ್ ಬೆರೆಸಲಾಗುತ್ತದೆ. ದ್ರವದಲ್ಲಿ ಕ್ಸಾಂಥಾನ್ ಕಡಿಮೆ ಇದ್ದಷ್ಟೂ ಪ್ರತಿ ಕಿಲೋಗೆ ತಗಲುವ ಆಲ್ಕೊಹಾಲ್ ಹೆಚ್ಚು. ಹೆಚ್ಚು ಇದ್ದಷ್ಟೂ ಕಲಕುವ ವಿದ್ಯುತ್ ಹೆಚ್ಚು. ಈ ಎರಡು ವೆಚ್ಚಗಳ ಮೊತ್ತ ಕನಿಷ್ಠವಾಗುವ ಹಂತದಲ್ಲಿ ಹುದುಗುವಿಕೆಯನ್ನು ನಿಲ್ಲಿಸುವುದು ಲಾಭಕರ. ಗಾಳಿ ಬೇಡದ ಡೆಕ್ಸ್‌ಟ್ರಾನ್‌ಗೆ ಈ ಹೊರೆಯ ಬಹುಭಾಗ ಇರುವುದಿಲ್ಲ. ಆದರೆ ಔಷಧಿಯ ದರ್ಜೆಗೆ ಅಣುತೂಕವನ್ನು ಸರಿಪಡಿಸುವ ಮತ್ತು ಶುದ್ಧೀಕರಿಸುವ ಕೆಲಸ ಅಲ್ಲಿ ಹೆಚ್ಚು. ಯಾವ ಪಾಲಿಸ್ಯಾಕರೈಡನ್ನು ತಯಾರಿಸಬೇಕೆಂಬ ಆಯ್ಕೆಯಲ್ಲಿ ಸಕ್ಕರೆಯ ಬೆಲೆಯಷ್ಟೇ ಆಮ್ಲಜನಕವನ್ನು ತಲುಪಿಸುವ ವೆಚ್ಚವೂ ಲೆಕ್ಕಕ್ಕೆ ಬರುತ್ತದೆ.